ಪಟ್ಟದ ಕರು

ಜನವರಿ 4, ಭಾನುವಾರ

ರಾತ್ರಿ ಇಡ್ಲಿ ಹಿಟ್ಟು ಉಕ್ಕಿ ಹರಿದಿತ್ತು. ಒರೆಸಿ ಕ್ಲಾಸಿಗೆ ಕೂತೆ. ಮನೆಯಲ್ಲಿ ಕನ್ನಡ ಕೇಳಿ ತಮಿಳಿನಲ್ಲಿ ಉತ್ತರ ಕೊಡುವ ಮಕ್ಕಳಿಗೆ ನನ್ನ ಭಾನುವಾರದ ಕನ್ನಡ. ಚಾಮರಾಜನಗರದ ಬಿ.ಎ., ತಮಿಳುನಾಡಿನ ಉತ್ತಮಪಾಳಯಂ ಪಕ್ಕದ ಈ ಕನ್ನಡದವರ ಊರಿಗೆ ಸೊಸೆಯಾಗಿ ಬಂದ ಮೇಲೆ ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ದನಗಳ ಹಬ್ಬ ಮಾಟ್ಟುಪ್ಪೊಂಗಲ್‌ಗೆ ನಾಟಕ ಆಗಬೇಕು. ಇಲ್ಲದ ಒಂದು ದೇಶ ಕಟ್ಟಿ ಎಂದೆ. ಕಟ್ಟಿದರು — ತುಂಬಿನಾಡು. ಕಟ್ಟಿ ಮುಗಿಯುವ ಮೊದಲೇ ಅಂತರ್ಯುದ್ಧ! ಕಾರಣ, ದೇವಿಯ ಮೂಗುತಿ. ಬಡಗು ಬೀದಿಯವರ ದೇವಿಗೆ ಎಡಕ್ಕೆ, ತೆಂಕು ಬೀದಿಯವರ ದೇವಿಗೆ ಬಲಕ್ಕೆ. ಒಬ್ಬರ ಕೊಡದ ನೀರು ಇನ್ನೊಬ್ಬರು ಮುಟ್ಟರು.

ತೇನ್‌ಮೊಳಿ ಕೈ ಎತ್ತಿದಳು. ದೇವರ ದನ ಮೇಯಿಸುವ ಮೂಕಯ್ಯನ ಮಗಳು, ಊರಾಚೆಯ ಕಾಲನಿಯವಳು. ನಮ್ಮ ಕನ್ನಡ ಕೇಳಿಯೇ ಕಲಿತದ್ದು.

"ಟೀಚರ್, ದೇವಿಗೆ ಮೂಗು ಚುಚ್ಚಿದ್ದು ಯಾರು? ಅವ್ರು ಯಾವ ಕಡೆ?"

ಗೋಕುಲ್ ತಕ್ಷಣ: "ಅವ್ರು ಚುಚ್ಚಿಬುಟ್ಟು ಆಚೆ ನಿಂತ್ಕೋಬೇಕು."

ಯಾರೂ ನಗಲಿಲ್ಲ. ನಾಟಕದ ಹಾಡಿಗೆ ಪ್ರಾಸ ಮಾತ್ರ ತಾನಾಗಿ ಬಂತು:

ಎಡಕೋ ಬಲಕೋ ದೇವಿಯ ನತ್ತು?
ಕಿತ್ತಾಟದಲೇ ಕಳೆಯಿತು ಹೊತ್ತು;
ಚುಚ್ಚಿದ ಕೈಗೆ ಹೊರಗಿನ ಸುತ್ತು.

ಜನವರಿ 7, ಸಂಜೆ

ಯುದ್ಧ ನಿಲ್ಲಿಸಬೇಕಲ್ಲ. ನಮ್ಮ ತೊಳುವಿನ ಪದ್ಧತಿಯನ್ನೇ ನಾಟಕಕ್ಕೆ ಸೇರಿಸಿದೆ. ತೊಳು ಎಂದರೆ ದೇವರ ದನಗಳ ಹಟ್ಟಿ. ವಿಗ್ರಹವಿಲ್ಲ, ದನಗಳೇ ದೇವರು, ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಹಬ್ಬದಂದು ಮೊದಲು ಕಬ್ಬು ಕಡಿದ ಕರುವಿಗೆ ಪಟ್ಟ. ನಾಟಕದಲ್ಲಿ, ಪಟ್ಟದ ಕರು ಯಾರ ಕೈಯ ಕಬ್ಬು ತಿನ್ನುತ್ತದೋ ಆ ರಾಜನ ಮಾತು ನಡೆಯಲಿ. ಗೋಕುಲ್, ಎಳಿಲ್ ರಾಜರು. ಭಾವನ ಮಗಳು ಅಭಿರಾಮಿ ಕಂಬಳಿ ಹೊದ್ದು ಕರು. ಹಗ್ಗ ಹಿಡಿಯುವವಳು ತೇನ್‌ಮೊಳಿ.

ಪೆರಿಯಣ್ಣನ್ ಭಾವ ನಮ್ಮ ಅಂಗಳಕ್ಕೆ ರಿಹರ್ಸಲ್ ನೋಡಲು ಬಂದರು. ತೊಳುವಿಗೆ ಅವರೇ ಯಜಮಾನರು. ತಡೆಯಲಾರದೆ ತೇನ್‌ಮೊಳಿಗೆ ಪಾಠ ಶುರು: "ಹಂಗಲ್ಲ ಪಾಪ್ಪಾ. ಕರು ಕಬ್ಬು ಕಡಿಯೋಗಂಟ ಹಗ್ಗ ಬುಡಕೂಡದು. ಬುಟ್ರೆ ಊರಿಗಾಗದು."

ತೇನ್‌ಮೊಳಿ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಳು.

ಹೋಗುವಾಗ ಭಾವ ನನ್ನನ್ನು ಪಕ್ಕಕ್ಕೆ ಕರೆದರು. "ನಾಟಕ ತೊಳುವೊಳಗೆ ತಾನೆ ಅಮ್ಮಾ? ಹಂಗಾರೆ ಆ ಹುಡ್ಗಿ ಬ್ಯಾಡ. ನಂಗೇನಿಲ್ಲ... ನಾಕು ಜನ ಏನಂತಾರೆ?"

ಆ ನಾಲ್ಕು ಜನರನ್ನು ಇಷ್ಟು ವರ್ಷವಾದರೂ ಒಮ್ಮೆಯೂ ನೋಡಿಲ್ಲ.

"ಅವಳಿಲ್ಲದೆ ನಾಟಕ ಇಲ್ಲ, ಭಾವ."

"ಸರಿ. ನಾಟಕ ಬ್ಯಾಡ."

ಜನವರಿ 8

ಉಪಾಯ ಹೊಳೆಯಿತು. ನಾಟಕ ಗೇಟಿನ ಹೊರಗೆ, ರಸ್ತೆಯಲ್ಲಿ. ರಸ್ತೆ ಪಂಚಾಯ್ತಿಯದು, ಅದಕ್ಕೆ ಮೈಲಿಗೆ ಇಲ್ಲ. ನೋಡುವ ನಾವೆಲ್ಲ ತೊಳುವಿನೊಳಗೆ, ಬೇಲಿಯ ಹಿಂದೆ, ದನಗಳ ಜೊತೆ. ಭಾವ ಒಪ್ಪಿದರು. ಎಲ್ಲರಿಗೂ ಸಮಾಧಾನ. ನನಗೂ — ಅದೇ ಬೇಜಾರು.

ತೇನ್‌ಮೊಳಿಗೆ ಹೇಳಿದೆ. "ಸರಿ ಟೀಚರ್. ಹಬ್ಬದಾಗೂ ಅಪ್ಪ ಅಲ್ಲೇ ನಿಲ್ಲೋದು."

ಜನವರಿ 16, ಮಾಟ್ಟುಪ್ಪೊಂಗಲ್, ಸಂಜೆ

ಬರೆಯಲು ಕೂತದ್ದು ಇದು ಮೂರನೇ ಸಲ. ಕಾಫಿ ಹೆಚ್ಚಾಯಿತು ಎಂದುಕೊಳ್ಳೋಣ.

ಎಲ್ಲ ಸರಿಯಾಗಿಯೇ ಇತ್ತು. ಮೂಗುತಿ ಜಗಳಕ್ಕೆ ಜನ ಬಿದ್ದು ಬಿದ್ದು ನಕ್ಕರು — ಬೇರೆ ದೇಶದ್ದಲ್ಲವೇ. ರಾಜರಿಬ್ಬರೂ ಕಬ್ಬು ಚಾಚಿದರು. ಕರು ಎಡಕ್ಕೆ ಮೂಸಿತು, ಬಲಕ್ಕೆ ಮೂಸಿತು. ಆಮೇಲೆ ತಿರುಗಿ ಸೀದಾ ಗೇಟಿನೊಳಗೆ ನುಗ್ಗಿತು, ಅಲ್ಲಿ ನಿಜದ ದನಗಳಿಗೆಂದು ರಾಶಿ ಹಾಕಿದ್ದ ಕಬ್ಬಿನ ಕಡೆಗೆ. ಇದು ನಾನು ಬರೆದದ್ದಲ್ಲ.

ಹಗ್ಗ ಬಿಗಿಯಿತು. ತೇನ್‌ಮೊಳಿ ಗೇಟಿನ ಹೊಸ್ತಿಲಲ್ಲಿ ನಿಂತುಬಿಟ್ಟಳು. ಹಗ್ಗ ಮುಂಗೈಯಿಂದ ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತಿದೆ. ಬೇಲಿಯಾಚೆ ಮೂಕಯ್ಯ ತಲೆ ತಗ್ಗಿಸಿದ.

"ಹಗ್ಗ ಬುಡಬ್ಯಾಡ ಪಾಪ್ಪಾ!"

ಕೂಗಿದ್ದು ಭಾವ. ಎದ್ದು ನಿಂತು, ಕೈ ಎತ್ತಿ. ಕೂಗಿದ ಮೇಲೆ ತಾನು ಏನು ಕೂಗಿದೆ ಎಂದು ಅವರಿಗೆ ಹೊಳೆದಿರಬೇಕು. ಕೈ ಅಲ್ಲೇ ನಿಂತಿತು.

ತೇನ್‌ಮೊಳಿ ಬಗ್ಗಿ, ಚಪ್ಪಲಿ ಕಳಚಿಟ್ಟು, ಒಳಗೆ ಹೋದಳು. ಕರು ಕಬ್ಬು ಕಡಿಯುವವರೆಗೂ ಹಗ್ಗ ಬಿಡಲಿಲ್ಲ.

ಒಳಗೆ ಯಾಕೆ ನುಗ್ಗಿದೆ ಎಂದು ಅಭಿರಾಮಿಯನ್ನು ಕೇಳಿದೆ. "ಕಂಬಳಿಯೊಳಗೆ ಕಣ್ಣೇ ಕಾಣ್ಲಿಲ್ಲ ಚಿತ್ತಿ." ಕಣ್ಣಿಗೆಂದು ಎರಡು ತೂತು ಕತ್ತರಿಸಿದವಳು ನಾನೇ. ಕಂಬಳಿ ಮಡಿಸಿಟ್ಟೆ.

ಜನವರಿ 17

ಕೊನೆಗೂ ಆ ನಾಲ್ಕು ಜನ ಬಂದರು. ಐದನೆಯವನೂ ಇದ್ದ. ತೊಳು ತೊಳೆಸಿ ಶುದ್ಧಿ ಮಾಡಿಸಬೇಕಂತೆ.

ಭಾವ ಮೊದಲು ಕಾಫಿ ತರಿಸಿದರು. ಆಮೇಲೆ: "ಹಗ್ಗ ಬುಡಬ್ಯಾಡ ಅಂದೋನು ನಾನು. ತೊಳೆಯೋದಾದ್ರೆ ನನ್ನ ಬಾಯಿ ತೊಳೀರಿ."

ಬಂದವರು ಕಾಫಿ ಕುಡಿಯದೆ ಹೋದರು. ಗೇಟಿಗೆ ಹೊಸ ಬೀಗ ಬೇಕೆಂದು ಹೇಳಿ ಹೋದರು. ಬೀಗಕ್ಕೆ ಹೆಸರಾದ ದಿಂಡಿಗಲ್‌ನದು, ಗಟ್ಟಿಯದು.

ಜನವರಿ 18, ಭಾನುವಾರ, ಸಂಜೆ

ಬೆಳಿಗ್ಗೆ ಕ್ಲಾಸಿಗೆ ತೇನ್‌ಮೊಳಿ ಬರಲಿಲ್ಲ. ತುಂಬಿನಾಡಿನಲ್ಲಿ ಕೊನೆಗೆ ಗೆದ್ದವರು ಯಾರು ಎಂದು ಗೋಕುಲ್ ಕೇಳಿದ. ಕರು ಎಂದೆ.

ಈಗ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೇ ತೊಳು. ಮೂಕಯ್ಯ ದನ ಹೊಡೆದುಕೊಂಡು ಬಂದ. ಗೇಟಿನಲ್ಲಿ ನಿಂತ, ಎಂದಿನಂತೆ. ಜೊತೆಗೆ ತೇನ್‌ಮೊಳಿ, ಕೈಯಲ್ಲಿ ಒಂದು ತುಂಟ ಕರುವಿನ ಹಗ್ಗ. ಒಳಗೆ ಭಾವ, ಕೈಯಲ್ಲಿ ಬೀಗ. ಕರು ಒಳಕ್ಕೆ ಎಳೆಯುತ್ತಿದೆ. ಭಾವ ಬೀಗವನ್ನು ಜೇಬಿಗೆ ಹಾಕಿಕೊಂಡರು. ಏನೋ ಹೇಳುತ್ತಿದ್ದಾರೆ, ಇಲ್ಲಿಗೆ ಕೇಳಿಸದು. ತೇನ್‌ಮೊಳಿ ಅಪ್ಪನ ಮುಖ ನೋಡಿದಳು. ಮೂಕಯ್ಯ ಬಗ್ಗಿ, ತನ್ನ ಚಪ್ಪಲಿ —