ಮೊದಲೇ ಕರಗಿಸಬೇಕಿದ್ದ ರೆಸಿನ್

ತಾರ್ನಾಕ, ಜುಲೈ ೮, ಮಂಗಳವಾರ

ಇವತ್ತೂ ಲ್ಯಾಬಿನ ಗಾಜಿನ ಮೇಲೆ ಮಬ್ಬು. ಪೇಂಟಿನ ರೆಸಿನ್, ಅಂದರೆ ರಾಳಗಳಾದ ಅಲ್ಕಿಡ್‌ಗೂ ಅಕ್ರಿಲಿಕ್‌ಗೂ ಆಗಿಬರುವುದಿಲ್ಲ. ಬೆರೆಸಿ ಗಾಜಿಗೆ ಬಳಿದು ಒಣಗಿಸಿದರೆ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ.

ಇರೋದು ಎರಡಕ್ಕೂ ಒಂದೇ ಡಬ್ಬಿ,
ಕೂಡೋದಿಲ್ಲ ಮಾತ್ರ ತಬ್ಬಿ.

ಎರಡಕ್ಕೂ ಹೊಂದುವ ಮೂರನೆಯ ರೆಸಿನ್ ಚೂರು ಹಾಕಿದರೆ ಪದರ ತಿಳಿಯಾಗುತ್ತದೆ. ಆದರೆ ಅದನ್ನು ಮೊದಲೇ ಅಲ್ಕಿಡ್‌ನಲ್ಲಿ ಕರಗಿಸಿಕೊಳ್ಳಬೇಕು. ನಾನು ಮರೆತು, ಎರಡೂ ಸೇರಿ ಕೆಟ್ಟ ಮೇಲೆ ಹಾಕಿದೆ. ಸಂಜೆಯವರೆಗೆ ಕಲಕಿದರೂ ಮಬ್ಬು ಹೋಗಲಿಲ್ಲ.

ಊಟದ ಮೇಜಿನಲ್ಲಿ ಆ ಮೂರನೆಯ ರೆಸಿನ್ ಅಂದರೆ ಎರಡೂ ಭಾಷೆ ಬಲ್ಲ ನಮ್ಮೂರ ಕಡೆಯ ಸುಮಂತ. ಲ್ಯಾಬಿನ ಉಳಿದವರ ತೆಲುಗು ಜೋಕನ್ನು ನನಗೆ, ನನ್ನ ಪ್ರಾಸವನ್ನು ಅವರಿಗೆ ದಾಟಿಸುತ್ತಿದ್ದ. ಕೆಲಸಕ್ಕೆ ಹಿಂದಿ ಸಾಕು, ನಗುವುದಕ್ಕೆ ಸಾಲದು. ಅವನಿಗೆ ಶಂಶಾಬಾದಿಗೆ ವರ್ಗವಾದ ಮೇಲೆ ನಾನು ಬುತ್ತಿ ಬಿಚ್ಚುವುದು ಸ್ಟೋರಿನಲ್ಲಿ, ಖಾಲಿ ಡ್ರಮ್ಮುಗಳ ಜೊತೆ. ಒಳ್ಳೆಯ ಕೇಳುಗರು, ನಡುವೆ ಬಾಯಿ ಹಾಕುವುದಿಲ್ಲ.

ಸಂಜೆ ಅವನೇ ಫೋನ್ ಮಾಡಿದ.

"ಅಣ್ಣಾರ, ಊಟಕ್ಕ ಯಾರ ಜೋಡಿ ಕುಂದರತೀರಿ?"

"ಎಲ್ಲಾರ ಜೋಡಿನಪ್ಪ. ಭಾಳ ನಗಸ್ತಾರ."

"ಸುಳ್ಳ ಹೇಳಬ್ಯಾಡ್ರಿ. ನೀವು ಸಿಟ್ಟಾಗೀರಿ ಅಂತ ತಿಳಕೊಂಡು ಅವರು ಕರೀಲಿಕ್ಕೆ ಹೆದರ್ಯಾರ. ನಿಮ್ಮ ಲ್ಯಾಬಿನ ಶ್ರೀಲತಾನ ಹೇಳಿದ್ಲು."

ಸಿಟ್ಟಿಲ್ಲ. ಕರೆಯಲಿ ಅಂತ ನಾನೂ ಕಾಯುತ್ತಿದ್ದೆ, ಅಷ್ಟೇ.

ನಾಳೆ ಹೊಸ ಬ್ಯಾಚಿಗೆ ಮೊದಲೇ ಕರಗಿಸುತ್ತೇನೆ. ಶೇಂಗಾ ಚಟ್ನಿಯನ್ನು ದೊಡ್ಡ ಡಬ್ಬಿಗೆ ತುಂಬಿಟ್ಟಿದ್ದೇನೆ. ಮೇಜಿನ ಮೇಲಿಟ್ಟು, ಒಬ್ಬನಿಗೆ ಇದು ಜಾಸ್ತಿಯಾಯಿತು ಅನ್ನಬೇಕು. ತೆಲುಗಿನಲ್ಲಿ ಅದಕ್ಕೆ ಏನನ್ನುತ್ತಾರೋ. ಸುಮಂತನನ್ನು ಕೇಳೋಣವೆಂದರೆ ಅವನು ಇಷ್ಟೊತ್ತಿಗೆ ಮಲಗಿರುತ್ತಾನೆ. ಹಿಂದಿಯಲ್ಲೇ ಅಂದುಬಿಡುತ್ತೇನೆ.