ಹೆಚ್ಚಿಗೆ ಕೂತ ಮೂರು ದಿನ

ಮೇ ೧೮, ಭಾನುವಾರ

ಅನ್ನ ತಳ ಹತ್ತಿತು. ಮುಬಾಶಿರಾ ಬಂದು ಗ್ಯಾಸ್ ಬಂದ್ ಮಾಡಿದಳು. ಒಂಬತ್ತು ವರ್ಷದ ಮಗಳು. ಹಾಲು, ತರಕಾರಿ, ಹೊರಗಿನದೆಲ್ಲ ಈಗ ಅವಳದೇ. ಗಂಡ ವಾಹೀದ ತೀರಿಕೊಂಡಾಗಿನಿಂದ ನಾನು ಇದ್ದತ್ತಿನಲ್ಲಿದ್ದೇನೆ. ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡುವಂತಿಲ್ಲ. ಇನ್ನೂ ಹನ್ನೆರಡು ದಿನ ಉಳಿದಿದೆ.

ಕನಕಗಿರಿಯಿಂದ ಅತ್ತೆಯ ಫೋನ್. "ನೀ ಕಲ್ಲಾಗಿ ಕುಂತೀದಿ ಮೆಹಜಬೀನ. ಹುಡುಗಿ ಮಾತು ಬಿಟ್ಟೈತಿ. ಗಂಗಾವತಿ ಸಾಲಿ ಬಿಡಿಸು, ನನ್ನ ಹತ್ರ ಇರಲಿ."

ಹೂಂ ಅಂದೆ. ಬೇಡ ಅನ್ನುವುದಕ್ಕೂ ಜೀವ ಬೇಕಲ್ಲ... ಜೂನ್ ಒಂದಕ್ಕೆ ಬಂದು ಕರೆದೊಯ್ಯುತ್ತಾರಂತೆ.

ಮೇ ೩೦

ಇವತ್ತು ಇದ್ದತ್ ಮುಗಿಯಿತು ಅಂತ ಅತ್ತೆಗೆ ಫೋನಿನಲ್ಲಿ ಹೇಳಿದೆ.

"ಮೂರು ದಿನದ ಹಿಂದನ ಮುಗದೈತಿ! ಚಾಂದಿನ ಲೆಕ್ಕ ಹಿಡಿಯೋದು ಬಿಟ್ಟು ಗ್ವಾಡಿ ಮ್ಯಾಗಿನ ಕ್ಯಾಲೆಂಡರ್ ನೋಡಿ ಕುಂತೀಯೇನ?"

ಹೌದು. ಅದರ ಮೇಲೇ ಗೀಟು ಎಳೆಯುತ್ತಿದ್ದೆ. ಚಂದ್ರನ ತಿಂಗಳು ಚಿಕ್ಕದು ಅನ್ನುವುದೇ ಮರೆತಿತ್ತು. ಮೂರು ದಿನ ಸುಮ್ಮನೆ ಕೂತೆ. ನಗು ಬರಬೇಕಿತ್ತು. ಸಿಟ್ಟಾದರೂ. ಏನೂ ಇಲ್ಲ.

ಮುಬಾಗೆ ಹೇಳಿದೆ. ಯೋಚಿಸಿ ಅಂದಳು: "ಆ ಮೂರು ದಿನ ನನಗ ಕೊಡ, ಅಮ್ಮಿ. ಪಿಕ್ಚರಿಗಿ ಹೋಗೋಣು."

ಮೇ ೩೧, ಸಂಜೆ

ಮ್ಯಾಟಿನಿಗೆ ಹೋಗಿದ್ದೆವು. ಮಕ್ಕಳ ಗದ್ದಲದ ಪಿಕ್ಚರ್ ಇರಬೇಕು, ಎಸಿಯಲ್ಲಿ ನಿದ್ದೆಯಾದರೂ ಆದೀತು ಅಂದುಕೊಂಡಿದ್ದೆ.

ನಿದ್ದೆ ಎಲ್ಲಿಯದು! ಪರದೆಯ ಮೇಲೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಒಂದು ಆಡು. ಹರುಕು ದೋಣಿಯಲ್ಲಿ ನೆಲದೊಳಗಿನ ನದಿಗೆ ಇಳಿಯುತ್ತಾರೆ. ಉಪ್ಪಿನ ಗುಹೆ, ಗೋಡೆ ತುಂಬ ನೀಲಿ ಬೆಳಕು, ದೋಣಿಯ ಸುತ್ತ ಹಾರುವ, ಹೊಳೆಯುವ ಹಳದಿ ಮೀನು. ಆಡು ಒಂದು ಮೀನನ್ನು ನುಂಗಿಬಿಟ್ಟಿತು. ಅದರ ಹೊಟ್ಟೆಯೇ ಲಾಟೀನಿನಂತೆ ಹೊತ್ತಿಕೊಂಡಿತು.

"ಯಾ ಅಲ್ಲಾ, ಎಷ್ಟ್ ಚಂದ ಐತಿ!" — ನನ್ನದೇ ದನಿ. ನಗುತ್ತಿದ್ದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಇಷ್ಟು ದಿನಗಳಲ್ಲಿ ಮೊದಲ ಸಲ ಏನೋ ಒಂದು ಮನಸ್ಸಿಗೆ ತಟ್ಟಿತು.

ಮುಬಾ ಪರದೆ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ನಾ ಹ್ವಾದಮ್ಯಾಲೂ ಹಿಂಗ ನಗ್ತೀಯಲ್ಲ, ಅಮ್ಮಿ?"

"ಯಾಕವಾ ಹಂಗಂತಿ?"

"ನಾ ಕಣ್ಣಮುಂದಿದ್ರ ನಿನಗ ಅಬ್ಬಾನ ನೆನಪಾಗತೈತಂತ. ಕನಕಗಿರಿ ದಾದಿ ಹೇಳ್ಯಾಳ. ಅದಕ್ಕ ಹೊಂಟೀನಿ."

ಅವಳ ಕೈ ಹಿಡಿದೆ. ಮನೆಗೆ ಬರುವಷ್ಟರಲ್ಲಿ ಮತ್ತೆ ಎಲ್ಲ ಮರಗಟ್ಟಿತು. ಆ ಮಾತೊಂದು ಮಾತ್ರ ಇನ್ನೂ ನೋಯುತ್ತಿದೆ.

ಜೂನ್ ೧, ಬೆಳಿಗ್ಗೆ ೮.೨೦

ಅತ್ತೆ ಬಂದಿದ್ದಾರೆ. ಹೊರಗೆ ಚಹಾ ಕುಡಿಯುತ್ತಿದ್ದಾರೆ. ಕೆಟ್ಟವರಲ್ಲ, ಮಗನನ್ನು ಕಳೆದುಕೊಂಡವರು. ಮುಬಾಳ ಶಾಲೆಯ ಟಿಸಿ ಅರ್ಜಿಗೆ ಸಹಿ ಹಾಕು ಅಂತ ಒಳಗೆ ಕಳಿಸಿದರು. ಹಾಕದೆ ಇಲ್ಲಿ ಬರೆಯುತ್ತ ಕೂತಿದ್ದೇನೆ.

"ಸಹಿ ಆತೇನವಾ? ಬಸ್ಸಿಗಿ ಹೊತ್ತಾಗತೈತಿ."

ಮುಬಾ ಬ್ಯಾಗ್ ಹೆಗಲಿಗೇರಿಸಿ ನಿಂತಿದ್ದಾಳೆ. ನಗುಮುಖ ಮಾಡಿದ್ದಾಳೆ, ನನಗೋಸ್ಕರ.

ಅರ್ಜಿ ಹರಿದೆ. ಎದ್ದು ಹೋಗಿ ಅವಳ ಹೆಗಲ ಮೇಲಿನ ಬ್ಯಾಗು ಇಳಿಸಬೇಕು, ಈಗಲೇ—