ಅಪ್ಪನ ಕೇಸರಿತಟ್ಟಿ

ಟುಬ್ಲಿ, ಬಹ್ರೈನ್
೧೮-೧-೧೯೮೫, ಶುಕ್ರವಾರ

ಅಣ್ಣನ ಪಾದಕ್ಕೆ, ಎದುರು ನಿಲ್ಲಲು ಮುಖವಿಲ್ಲದ ತಮ್ಮ ಸುಂದರನ ನಮಸ್ಕಾರ.

ಚೆಂಡೆಯ ಸದ್ದಿಲ್ಲದೆ ಪ್ರವೇಶ ಮಾಡಿ ಗೊತ್ತಿಲ್ಲದವನು ನಾನು. ಇವತ್ತು ಚೆಂಡೆ ಬೇಡ. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷಕ್ಕೆ ಅಪ್ಪ ಕಟ್ಟುತ್ತಿದ್ದ ಆ ಕೇಸರಿತಟ್ಟಿ ಕಿರೀಟದ ವಿಷಯ ನೀನು ಮೂರು ಕಾಗದಗಳಲ್ಲಿ ಕೇಳಿದೆ. ಉತ್ತರ ಹೇಳುತ್ತೇನೆ. ಮೊದಲು ಜಪಾನಿನ ಪ್ರಸಂಗ ಕೇಳು. ಅದಿಲ್ಲದೆ ಉತ್ತರ ನನ್ನ ಬಾಯಿಗೆ ಬರುವುದಿಲ್ಲ.

ಪಂಪುಗಳ ತರಬೇತಿಗೆಂದು ಕಂಪನಿ ನನ್ನನ್ನು ಡಿಸೆಂಬರಿನಲ್ಲಿ ಅಲ್ಲಿಯ ಅಕಿತ ಎಂಬ ಪ್ರಾಂತ್ಯಕ್ಕೆ ಕಳಿಸಿತ್ತು. ಒಂದೂವರೆ ವರ್ಷದ ಹಿಂದೆ ಅಲ್ಲಿ ಭೂಮಿ ನಡುಗಿ ಕಡಲೇ ಎದ್ದು ಬಂದಿತ್ತು. ನಮಗೆ ಕೆಲಸ ಕಲಿಸುತ್ತಿದ್ದ ಮುದುಕ ಸಾತೋ, ಹೊಸ ವರ್ಷದ ಮುನ್ನಾದಿನ ನನ್ನನ್ನು ತನ್ನ ಮೀನುಗಾರರ ಹಳ್ಳಿಗೆ ಕರೆದೊಯ್ದ. ಹಿಮದ ನಡುವೆ ಮನೆಗಳಿದ್ದಲ್ಲಿ ಬರೀ ಪಂಚಾಂಗದ ಕಲ್ಲು. ಪಕ್ಕದಲ್ಲಿ ಹೊಸ ಮರದ ವಾಸನೆ.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ದಡದಡ. ನುಗ್ಗಿ ಬಂದವರು ಇಬ್ಬರು ರಾಕ್ಷಸರು, ಅಣ್ಣಾ! ಮೈತುಂಬ ಬೈಹುಲ್ಲು, ಕೆಂಪು ಮೋರೆ, ಕೋರೆಹಲ್ಲು, ಅಪ್ಪನದೇ ಅಟ್ಟಹಾಸ. ಊರವರೇ ವೇಷ ಕಟ್ಟಿ ಮನೆಮನೆಗೆ ಹೋಗಿ ಸೋಮಾರಿಗಳನ್ನೂ ಸುಳ್ಳರನ್ನೂ ಗದರಿಸುವುದು ಅಲ್ಲಿಯ ಪದ್ಧತಿ. ಯಜಮಾನ ಅಡ್ಡ ನಿಂತು ಮನೆಯವರ ಪರವಾಗಿ ಮಾತಾಡಬೇಕು. ಹಳೆಯ ಮುಖವಾಡಗಳನ್ನು ಕಡಲು ಒಯ್ದಿತ್ತಂತೆ. ಕೆಸರಿನಲ್ಲಿ ಸಿಕ್ಕಿದ ಒಡಕು ಮೀನುಬುಟ್ಟಿಗೆ ಬಣ್ಣ ಬಳಿದು ಆ ವರ್ಷವೇ ಹೊಸ ಮೋರೆ ಮಾಡಿದರು. ಮನೆ ಏಳುವ ಮೊದಲು ರಾಕ್ಷಸ ಎದ್ದ.

ಒಬ್ಬ ನನ್ನತ್ತ ಮರದ ಕತ್ತಿ ಚಾಚಿ, ಈ ಪರದೇಶಿ ಮಾಡಿದ ತಪ್ಪೇನೆಂದು ಗರ್ಜಿಸಿದ. ಸಾತೋ ಕೈಮುಗಿದ. ಕ್ಯಾಂಟೀನಿನ ತಟ್ಟೆ ತಲೆಗಿಟ್ಟು ಅಪ್ಪನ ಪ್ರವೇಶವನ್ನು ನಾನು ಅವನಿಗೆ ಕುಣಿದು ತೋರಿಸಿದ್ದೆ, ಬಡಾಯಿಯನ್ನೂ ಕೊಚ್ಚಿದ್ದೆ. ಅದನ್ನೇ ನಂಬಿ ಅವನೆಂದ: “ಇವನಲ್ಲಿ ತಪ್ಪಿಲ್ಲ. ಇವನ ಅಪ್ಪನೂ ರಾಕ್ಷಸ ಕಟ್ಟಿದವರು. ಅವರ ಕಿರೀಟವನ್ನು ಅಣ್ಣ ತಮ್ಮ ಸೇರಿ ಕಾಪಾಡಿದ್ದಾರೆ.”

ಬುಟ್ಟಿಯ ಮೋರೆಯವನು ಮಂಡಿಯೂರಿ ನನಗೆ ತಲೆಬಾಗಿದ.

ಕಿರೀಟ ವಿಮಾನದಲ್ಲಿ ಕಳೆಯಿತೆಂದು ನಾನು ಬರೆದದ್ದು ಸುಳ್ಳು, ಅಣ್ಣಾ. ಇಲ್ಲಿ ಊರವರೆಲ್ಲ ಸೇರಿ ಮಾಡಿದ ಆಟಕ್ಕೆಂದು ನಿನ್ನಿಂದ ತಂದಿದ್ದ ಅದನ್ನು, ಆಟ ಮುಗಿದ ಮರುದಿನವೇ ನಮ್ಮ ಮ್ಯಾನೇಜರಿಗೆ ಕೊಟ್ಟೆ. ಅವರ ಹೆಂಡತಿ ಚಂದ ಉಂಟೆಂದರು, ಅಷ್ಟೇ. ಮರುತಿಂಗಳು ಫೋರ್‌ಮನ್ ಆದೆ. ಜಪಾನಿನ ಪಟ್ಟಿಯಲ್ಲೂ ನನ್ನ ಹೆಸರು ಬಂತು. ಬೇರೆಯವರ ಕಿರೀಟ ತಲೆಗೆ ಕೂರುವುದಿಲ್ಲವೆಂದು ನೀನು ಬಣ್ಣದ ವೇಷ ಬಿಟ್ಟು, ಚೌಕಿಯಲ್ಲಿ ಕೂತು ಉಳಿದವರಿಗೆ ವೇಷ ಕಟ್ಟಿಕೊಡುತ್ತಿದ್ದೀ ಎಂದು ಅತ್ತಿಗೆ ಬರೆದಿದ್ದರು. ಓದಿ, ಮಡಚಿ, ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಮೊನ್ನೆ ಹೋಗಿ ಕೇಳಿದೆ. ನಮ್ಮ ಕಡೆಯವರೇ ಆದ ಮ್ಯಾನೇಜರ್ ನಕ್ಕುಬಿಟ್ಟರು. “ಅದಾ? ಕೊಂಡೋಗು ಮಾರಾಯ, ಸ್ಟೋರಲ್ಲಿ ಬಿದ್ದುಕೊಂಡುಂಟು. ಮೊದಲೇ ಕೇಳಿದ್ದರೆ ಕೊಡ್ತಿರಲಿಲ್ವಾ?”

ಮೂರು ವರ್ಷ, ಅಣ್ಣಾ. ಕೇಳಿದ್ದರೆ ಸಾಕಿತ್ತು.

ಸಲ್ಮಾನಿಯಾ ಆಸ್ಪತ್ರೆಯ ಯುಸ್ಟೇಸ್ ಬರುವ ವಾರ ಊರಿಗೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ನೆಲಕ್ಕಿಡಬಾರದೆಂದೆ. “ಗೊತ್ತುಂಟು ಬಿಡು, ನಾವು ಶಿಲುಬೆ ನೆಲಕ್ಕಿಡ್ತೇವಾ?” ಎಂದ. ಹಣೆಯ ನೇರಕ್ಕೆ ಒಂದು ತೂತು ಕಂಡೀತು. ಮ್ಯಾನೇಜರ್ ಮನೆಯವರು ಒಳಗೆ ಬಲ್ಬು ಹಾಕಿ ಷೋಕೇಸಿನ ದೀಪ ಮಾಡಿಕೊಂಡಿದ್ದರು. ಮೇಣ ತುಂಬಿದ್ದೇನೆ. ಸಿಟ್ಟು ನನ್ನ ಮೇಲಿರಲಿ, ಕಿರೀಟದ ಮೇಲೆ ಬೇಡ. ಈ ಸಲದ ಆಟಕ್ಕೆ ಕಟ್ಟು.

ಲಕೋಟೆಯಲ್ಲಿ ಒಂದು ಹುಲ್ಲಿನ ಎಳೆ ಇದೆ. ರಾಕ್ಷಸನ ಮೈಯಿಂದ ತಾನಾಗಿ ಉದುರಿದ್ದನ್ನು ತಲೆಗೆ ಕಟ್ಟಿಕೊಂಡರೆ ಒಳ್ಳೆಯದಂತೆ. ನನ್ನ ತಲೆಗೆ ಕಟ್ಟಿಕೊಳ್ಳಲು ಧೈರ್ಯ ಬರಲಿಲ್ಲ.

ನೀನು ಒಪ್ಪಿದರೆ ಇನ್ನೂ ನಿನ್ನ ತಮ್ಮ,
ಸುಂದರ

ತಾ.ಕ.: ತೂತನ್ನು ಅವರೇ ಕೊರೆದರು ಎಂಬಂತೆ ಮೇಲೆ ಬರೆದಿದ್ದೇನೆ. ಕೊರೆದದ್ದು ನಾನು, ಇಲ್ಲಿಯ ವರ್ಕ್‌ಶಾಪಿನಲ್ಲಿ. ಮರ ಸೀಳದಂತೆ ಬಹಳ ನಿಧಾನವಾಗಿ ಕೊರೆದೆ. ಮ್ಯಾನೇಜರ್ ಭೇಷ್ ಎಂದಿದ್ದರು. ನನಗೆ ಸಂತೋಷವೂ ಆಗಿತ್ತು.